ಆಗುಂಬೆ ಮಳೆ ಕಂಡವರು ಸಂದಕ್ಫು ಮಳೆಗೆ ಯಾಕೆ ಹೆದರಬೇಕು?

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ನನಗೆ 41, ಹೆಂಡತಿಗೆ 37, ಭಾವಮೈದನಿಗೆ 24. ಕೊಡಚಾದ್ರಿ, ಕುದುರೆಮುಖ ಎರಡನ್ನೂ ಮಳೆಯಲ್ಲೇ ಹತ್ತಿದ್ದೇವೆ. ಏಪ್ರಿಲ್ ಕೊನೆಯ ವಾರ ಡಾರ್ಜಿಲಿಂಗ್ ಹತ್ತಿರದ ಸಂದಕ್ಫು, ಫಾಲುಟ್ ಚಾರಣಕ್ಕೆ ಹೊರಟಿದ್ದೇವೆ. ಹೂವಿನ ಕಾಲ ಅಂತ. ಆದರೆ ಆ ಹೊತ್ತಿಗೆ ಮಧ್ಯಾಹ್ನದ ಮೇಲೆ ಮಳೆ, ಆಲಿಕಲ್ಲು ಇದ್ದದ್ದೇ ಎಂದು ಹೋಗಿಬಂದವರು ಹೇಳುತ್ತಾರೆ. ಆಗುಂಬೆ ಮಳೆ ನೋಡಿದ ನಮಗೆ ಅದೇನು ಮಹಾ ಅನ್ನಿಸುತ್ತಿದೆ. ಒಳ್ಳೆಯ ರೇನ್‌ಕೋಟ್ ಇದ್ದರೆ ಸಾಕಲ್ವಾ? ಹೆಂಡತಿಗೆ ಆಗಾಗ ಮೈಗ್ರೇನ್ ಬರುತ್ತದೆ, ಅದರಿಂದ ತೊಂದರೆ ಆಗಬಹುದಾ? ಭಾವಮೈದ ಅಲ್ಲಿಯ ತೊಂಗ್ಬಾ ಎಂಬ ಮದ್ಯ ಕುಡಿಯಬೇಕು ಎಂದು ಈಗಲೇ ಕುಣಿಯುತ್ತಿದ್ದಾನೆ. ಬಿಡಬಹುದಾ?

ಉತ್ತರ: ಹೋಗಬಹುದು, ಧಾರಾಳವಾಗಿ ಹೋಗಿಬನ್ನಿ. ಆದರೆ ‘ಅದೇನು ಮಹಾ’ ಅನ್ನುವ ಮಾತನ್ನು ಮನೆಯಲ್ಲೇ ಬಿಟ್ಟು ಹೋಗಿ.

ನಾನು ಜನರನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಲು ಶುರುಮಾಡಿ ಹದಿನೈದು ವರ್ಷದ ಮೇಲಾಯಿತು. ಹಿಮಾಲಯದ ಮಳೆಯಲ್ಲಿ ಮೊದಲು ಕಂಗಾಲಾಗುವವರು ನಮ್ಮ ಮಲೆನಾಡು, ಕರಾವಳಿಯವರೇ. ಬಯಲುಸೀಮೆಯವರು ಮಳೆಗೆ ಹೆದರಿ ಎಲ್ಲವನ್ನೂ ಕಟ್ಟಿಕೊಂಡು ಬರುತ್ತಾರೆ. ನಮ್ಮವರು ಒಂದು ಬರ್ಮುಡಾ, ಒಂದು ಟಿ-ಶರ್ಟು, ಮೇಲೊಂದು ಪ್ಲಾಸ್ಟಿಕ್ ಕೋಟು ಹಾಕಿಕೊಂಡು ‘ನೆನೆದರೆ ನೆನೆಯಲಿ ಬಿಡಿ ಸಾರ್’ ಅನ್ನುತ್ತಾರೆ. ನಾನೂ ಆ ಕಡೆಯವನೇ. ಮೊದಲ ಸಲ ಹೋದಾಗ ನಾನೂ ಹಾಗೇ ಅಂದಿದ್ದೆ.

ನಮ್ಮಲ್ಲಿ ಮಳೆಯಲ್ಲಿ ನೆನೆದರೆ ಏನಾಗುತ್ತದೆ ಹೇಳಿ. ಜುಲೈ ತಿಂಗಳ ಜಡಿಮಳೆಯಲ್ಲೂ ಆಗುಂಬೆಯಲ್ಲಿ 20 ಡಿಗ್ರಿಯ ಆಸುಪಾಸು ಇರುತ್ತದೆ. ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ, ನಿಜ. ಆದರೆ ಬೆಚ್ಚಗಿನ ಮಳೆ. ದಿನವಿಡೀ ನೆನೆದು ಗದ್ದೆ ನೆಟ್ಟಿ ಮಾಡಿ, ಸಂಜೆ ಬಚ್ಚಲ ಹಂಡೆಯ ಬಿಸಿನೀರು ಹುಯ್ದುಕೊಂಡು, ಒಲೆ ಮುಂದೆ ಕೂತರೆ ಮುಗಿಯಿತು. ಹೆಚ್ಚೆಂದರೆ ಒಂದು ನೆಗಡಿ.

ಈಗ ಸಂದಕ್ಫು ಲೆಕ್ಕ ನೋಡಿ. ಅದು ಪಶ್ಚಿಮ ಬಂಗಾಳದ ಅತಿ ಎತ್ತರದ ಜಾಗ, 3636 ಮೀಟರ್. ನಮ್ಮ ಮುಳ್ಳಯ್ಯನಗಿರಿ 1930. ಮೇಲೆ ಹೋದ ಹಾಗೆ ಸಾವಿರ ಮೀಟರಿಗೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಕೆಳಗೆ ಸಿಲಿಗುರಿಯಲ್ಲಿ 32 ಡಿಗ್ರಿ ಬಿಸಿಲಿದ್ದು ನೀವು ಕಬ್ಬಿನಹಾಲು ಕುಡಿಯುತ್ತಿದ್ದರೆ, ಅದೇ ಹೊತ್ತಿಗೆ ಮೇಲೆ 11 ಡಿಗ್ರಿ. ಮೋಡ ಕವಿದು ಆಲಿಕಲ್ಲು ಬಿತ್ತೋ, ಅರ್ಧ ಗಂಟೆಯಲ್ಲಿ 5ಕ್ಕೆ ಬರಬಹುದು. ಅದರ ಮೇಲೆ ಗಾಳಿ. ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ 5 ಡಿಗ್ರಿಯ ಚಳಿ ಚರ್ಮಕ್ಕೆ ಸೊನ್ನೆ ಡಿಗ್ರಿಯ ಹಾಗೆ ತಗಲುತ್ತದೆ. ಇದು ಒಣ ಮೈಯ ಲೆಕ್ಕ. ಒದ್ದೆ ಮೈಗೆ ಈ ಲೆಕ್ಕ ಅನ್ವಯಿಸುವುದೇ ಇಲ್ಲ, ಯಾಕೆಂದರೆ ನೀರು ಗಾಳಿಗಿಂತ 20-25 ಪಟ್ಟು ಬೇಗ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ.

ಹಾಗಾಗಿ ಮಳೆ ಎಷ್ಟು ಇಂಚು ಬಿತ್ತು ಅನ್ನುವುದು ಅಲ್ಲಿ ಮುಖ್ಯವಲ್ಲ. ಆಗುಂಬೆಯಲ್ಲಿ ಒಂದು ತಾಸಿಗೆ ಸುರಿಯುವಷ್ಟು ಅಲ್ಲಿ ಇಡೀ ದಿನ ಸುರಿಯದೆ ಇರಬಹುದು. ಆದರೆ ಆ ಸ್ವಲ್ಪ ಮಳೆಯೇ ಮನುಷ್ಯನನ್ನು ಮಲಗಿಸಿಬಿಡುತ್ತದೆ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ 22 ಜನರ ತಂಡ ಕೆಟ್ಟ ಹವೆಗೆ ಸಿಕ್ಕಿ, 9 ಮಂದಿ ತೀರಿಕೊಂಡರು. ತಂಡದಲ್ಲಿ ಹೆಚ್ಚಿನವರು ನಮ್ಮ ಕರ್ನಾಟಕದವರೇ. ನಿಮ್ಮ ದಾರಿ ಅಷ್ಟು ಎತ್ತರದ್ದಲ್ಲ, ಅಷ್ಟು ಒಂಟಿಯೂ ಅಲ್ಲ. ಆದರೂ ಚಳಿ, ಒದ್ದೆ, ಗಾಳಿ ಈ ಮೂರೂ ಒಟ್ಟಿಗೆ ಸೇರಿದರೆ ಮೈ ಸೋಲುವ ರೀತಿ ಎಲ್ಲ ಕಡೆಯೂ ಒಂದೇ.

ಹೇಗೆ ಸೋಲುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ಒಂದು ಏಪ್ರಿಲ್‌ನಲ್ಲಿ ಸಂದಕ್ಫು ದಾರಿಯ ಕಾಲಿಪೋಖ್ರಿ ದಾಟಿ ಮೇಲೆ ಹತ್ತುತ್ತಿದ್ದೆವು. ಮಧ್ಯಾಹ್ನ ಒಂದೂವರೆ ಇರಬೇಕು. ಕಡಲೆಕಾಳು ಗಾತ್ರದ ಆಲಿಕಲ್ಲು ಇಪ್ಪತ್ತು ನಿಮಿಷ ಬಿತ್ತು, ಆಮೇಲೆ ಸಣ್ಣ ಮಳೆ. ನಮ್ಮ ತಂಡದ ಒಬ್ಬ ಹುಡುಗ ಜೀನ್ಸ್ ಹಾಕಿದ್ದ. ಬೆಳಗ್ಗೆಯಿಂದ ಎಲ್ಲರಿಗಿಂತ ಜಾಸ್ತಿ ಮಾತಾಡುತ್ತಿದ್ದವನು ಸುಮ್ಮನಾದ. ಸುಸ್ತಾಗಿರಬೇಕು ಅಂದುಕೊಂಡೆ. ನಿಂತಾಗ ಒಂದು ಚಾಕೊಲೇಟ್ ಕೊಟ್ಟೆ. ಅದರ ಕಾಗದ ಬಿಚ್ಚಲು ಅವನಿಂದ ಆಗಲಿಲ್ಲ. ಎರಡು ಸಲ ಕೈಜಾರಿ ಕೆಳಗೆ ಬಿತ್ತು. ಮೂರನೇ ಸಲ ಬಾಯಿಂದ ಕಚ್ಚಲು ನೋಡಿದ. ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿ ಮುಟ್ಟು ಅಂದೆ. ಆಗಲಿಲ್ಲ. ‘ಯಾಕೆ ಸುಮ್ನೆ ಕಾಟ ಕೊಡ್ತೀರಿ’ ಎಂದು ರೇಗಿದ. ಮಾತು ತೊದಲುತ್ತಿತ್ತು.

ಆ ಹೆಬ್ಬೆರಳು, ಕಿರುಬೆರಳಿನ ಪರೀಕ್ಷೆಯನ್ನು ನೀವು ಮೂವರೂ ಈಗಲೇ ಕಲಿತುಕೊಳ್ಳಿ. ಮಳೆ ಶುರುವಾದ ಮೇಲೆ ಅರ್ಧ ಗಂಟೆಗೊಮ್ಮೆ ಒಬ್ಬರು ಇನ್ನೊಬ್ಬರನ್ನು ಕೇಳಿ. ಮೈಯ ಒಳಗಿನ ಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ಅದಕ್ಕೆ ಹೈಪೋಥರ್ಮಿಯಾ ಅನ್ನುತ್ತಾರೆ. ಮೊದಲು ನಡುಕ. ಆಮೇಲೆ ಕೈ ತಡವರಿಸುತ್ತದೆ, ನಾಲಿಗೆ ತೊದಲುತ್ತದೆ, ಕಾಲು ಎಡವುತ್ತದೆ, ಮನುಷ್ಯ ಕಾರಣವಿಲ್ಲದೆ ಗೊಣಗುತ್ತಾನೆ. ಆದವನಿಗೆ ತನಗೆ ಆಗಿದೆ ಅಂತ ಗೊತ್ತಾಗುವುದಿಲ್ಲ. ಅದೇ ಇದರ ಕೆಟ್ಟ ಗುಣ. ಮೈ ಒದ್ದೆಯಾಗಿಯೇ ಇದ್ದು, ನಡುಗುತ್ತಿದ್ದವನ ನಡುಕ ತಾನಾಗಿ ನಿಂತರೆ ಸುಧಾರಿಸಿದ ಅಂದುಕೊಳ್ಳಬೇಡಿ. ಮೈಗೆ ನಡುಗುವ ಶಕ್ತಿಯೂ ಹೋಗಿದೆ ಎಂದರ್ಥ.

ಆ ಹುಡುಗನನ್ನು ಹತ್ತಿರದ ಮನೆಯೊಂದರ ಜಗಲಿಗೆ ಸೇರಿಸಿದೆವು. ಒದ್ದೆ ಬಟ್ಟೆ ಪೂರ್ತಿ ತೆಗೆಸಿ, ಒಣ ಬಟ್ಟೆ ಹಾಕಿ, ಕೆಳಗೆ ಮ್ಯಾಟು ಹಾಸಿ ಕೂರಿಸಿದೆವು. ನೆಲದ ತಂಡಿ ಮೇಲಿನ ಗಾಳಿಗಿಂತ ಕಡಿಮೆ ಅಲ್ಲ, ಇದನ್ನು ಜನ ಮರೆಯುತ್ತಾರೆ. ಎರಡು ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಕಂಕುಳಲ್ಲಿಟ್ಟೆವು. ನುಂಗಲು ಆಗುತ್ತಿದ್ದುದರಿಂದ ಸಕ್ಕರೆ ಜಾಸ್ತಿ ಹಾಕಿದ ಚಹಾ ಕುಡಿಸಿದೆವು. ಒಬ್ಬರು ಪ್ರೀತಿಯಿಂದ ಅಂಗಾಲು, ಅಂಗೈ ತಿಕ್ಕಲು ಹೋದರು, ತಡೆದೆ. ಕೈಕಾಲು ತಿಕ್ಕಿದರೆ ಅಲ್ಲಿಯ ತಣ್ಣಗಿನ ರಕ್ತ ಎದೆಯ ಕಡೆ ನುಗ್ಗುತ್ತದೆ. ಬಿಸಿ ಕೊಡಬೇಕಾದ್ದು ಎದೆ, ಕಂಕುಳಿಗೆ. ಒಂದೂವರೆ ಗಂಟೆಯಲ್ಲಿ ಮತ್ತೆ ಮಾತು ಶುರುಮಾಡಿದ. ಅವತ್ತು ಮುಂದೆ ಹೋಗಲಿಲ್ಲ. ನಡುಕ ನಿಂತು ಮಂಪರಿಗೆ ಜಾರಿದ್ದರೆ ಬಾಯಿಗೆ ಏನೂ ಹಾಕದೆ, ಅಲುಗಾಡಿಸದೆ, ಜೀಪು ಕರೆಸಿ ಕೆಳಗೆ ಇಳಿಸಬೇಕಾಗುತ್ತಿತ್ತು.

ಈಗ ನಿಮ್ಮ ರೇನ್‌ಕೋಟ್ ಪ್ರಶ್ನೆಗೆ ಬರೋಣ. ಬೇಕೇ ಬೇಕು, ಆದರೆ ಅದೊಂದೇ ಸಾಲದು. ಅದರ ಒಳಗೆ ಏನಿದೆ ಅನ್ನುವುದು ಅಷ್ಟೇ ಮುಖ್ಯ.

ನಮ್ಮ ಹಿರಿಯರು ಗದ್ದೆಗೆ ಹೋಗುವಾಗ ಕಂಬಳಿ ಕೊಪ್ಪೆ ಹಾಕುತ್ತಿದ್ದರು ನೆನಪಿದೆಯಾ? ಬಗ್ಗಿ ಕೆಲಸ ಮಾಡುವವರು ಗೊರಬು ಹೊದೆಯುತ್ತಿದ್ದರು. ಕಂಬಳಿ ನೆನೆಯುವುದಿಲ್ಲ ಎಂದಲ್ಲ, ಚೆನ್ನಾಗಿಯೇ ನೆನೆಯುತ್ತದೆ, ಭಾರವೂ ಆಗುತ್ತದೆ. ಆದರೆ ಉಣ್ಣೆ ನೆನೆದರೂ ಒಳಗೆ ಸ್ವಲ್ಪ ಬಿಸಿ ಹಿಡಿದಿಡುತ್ತದೆ. ಹತ್ತಿಗೆ ಆ ಗುಣ ಇಲ್ಲ. ಹತ್ತಿ ನೀರು ಕುಡಿದು ಮೈಗೆ ಅಂಟಿಕೊಂಡರೆ ಒಣಗುವ ಹೊತ್ತಿಗೆ ನಿಮ್ಮ ಮೈಯ ಬಿಸಿಯನ್ನೆಲ್ಲ ತಿಂದಿರುತ್ತದೆ. ಹಾಗಾಗಿ ಜೀನ್ಸ್, ಹತ್ತಿ ಟಿ-ಶರ್ಟು, ಹತ್ತಿ ಬನಿಯನ್, ಹತ್ತಿ ಕಾಲುಚೀಲ ಯಾವುದೂ ಬೇಡ. ಒಳ ಉಡುಪು ಕೂಡ ಪಾಲಿಯೆಸ್ಟರಿನದೇ ಇರಲಿ.

ಮೈಗೆ ತಾಗುವಂತೆ ತೆಳುವಾದ ಪಾಲಿಯೆಸ್ಟರ್ ಅಥವಾ ಉಣ್ಣೆಯ ತುಂಬುತೋಳು. ಅದರ ಮೇಲೆ ಫ್ಲೀಸ್, ಅಂದರೆ ಉಣ್ಣೆಯಂಥ ಹಗುರ ಸಿಂಥೆಟಿಕ್ ಅಂಗಿ. ಎಲ್ಲಕ್ಕಿಂತ ಮೇಲೆ ಮಳೆ ಜಾಕೆಟ್, ಮಳೆ ಪ್ಯಾಂಟು. ನಿಂತಾಗ, ಸಂಜೆ ಹೊತ್ತು ಹಾಕಲು ಒಂದು ದಪ್ಪ ಜಾಕೆಟ್. ಈ ದಪ್ಪ ಜಾಕೆಟ್ಟಿನ ವಿಷಯದಲ್ಲಿ ನನ್ನ ಮಾತು ಕೇಳಿ. ಹಕ್ಕಿಯ ಪುಕ್ಕ ತುಂಬಿದ್ದನ್ನು ಅಂಗಡಿಯವರು ಹೊಗಳುತ್ತಾರೆ. ಒಣ ಚಳಿಗೆ ಅದರ ಸಮ ಇನ್ನೊಂದಿಲ್ಲ. ಆದರೆ ನೆನೆದರೆ ಒದ್ದೆ ಕೋಳಿಯ ಹಾಗೆ ಮುದುಡಿ ಕೂರುತ್ತದೆ. ಮಳೆಗಾಲದಂಥ ವಸಂತಕ್ಕೆ ಸಿಂಥೆಟಿಕ್ ತುಂಬಿದ್ದೇ ಸರಿ. ಅಗ್ಗವೂ ಹೌದು.

ತಲೆಯಿಂದ ಇಳಿಬಿಡುವ ಪೊಂಚೋ ಬೇಡ. ಕೊಡಚಾದ್ರಿಗೆ ಸರಿ. ಸಂದಕ್ಫು ಇರುವ ಸಿಂಗಾಲಿಲಾ ಏಣಿನ, ಅಂದರೆ ಬೆಟ್ಟಸಾಲಿನ ಬೆನ್ನಿನ, ಗಾಳಿಗೆ ಅದು ಪಟಪಟ ಹಾರಿ ಮುಖಕ್ಕೆ ಬಡಿಯುತ್ತದೆ, ಕಾಲು ಎಲ್ಲಿಡುತ್ತಿದ್ದೇವೆ ಅನ್ನುವುದು ಕಾಣುವುದಿಲ್ಲ. ಜಾಕೆಟ್ ಕೊಳ್ಳುವಾಗ ಒಳಗಡೆಯ ಹೊಲಿಗೆಗಳ ಮೇಲೆ ಟೇಪು ಅಂಟಿಸಿದ್ದಾರಾ ನೋಡಿ. ಟೇಪು ಇಲ್ಲದಿದ್ದರೆ ಹೊಲಿಗೆಯ ತೂತಿನಿಂದಲೇ ನೀರು ಇಳಿಯುತ್ತದೆ. ತಂದ ಮೇಲೆ ಅದನ್ನು ಹಾಕಿಕೊಂಡು ಬಚ್ಚಲುಮನೆಯ ಶವರಿನ ಕೆಳಗೆ ಹತ್ತು ನಿಮಿಷ ನಿಲ್ಲಿ. ಒಳಗೆ ಒಂದು ಬಿಳಿ ಅಂಗಿ ಇರಲಿ, ಎಲ್ಲಿ ಸೋರಿತು ಎಂದು ಗೊತ್ತಾಗುತ್ತದೆ. ಕುತ್ತಿಗೆ, ಜಿಪ್ಪು, ಹೆಗಲು, ಈ ಮೂರು ಕಡೆ ಸಾಮಾನ್ಯವಾಗಿ ಸೋರುವುದು. ಮನೆಯವರು ನಗುತ್ತಾರೆ, ನಗಲಿ. ಒಂದು ಸಲ ನಾನು ಈ ಪರೀಕ್ಷೆ ಮಾಡದೆ ದುಬಾರಿ ಜಾಕೆಟ್ ಒಂದನ್ನು ನಂಬಿಕೊಂಡು ಹೋಗಿ, ಮೂರು ದಿನ ಒದ್ದೆ ಕತ್ತಿನಲ್ಲಿ ನಡೆದಿದ್ದೇನೆ.

ಇನ್ನೊಂದು ಮಾತು. ಹೊರಗಿನ ಮಳೆ ತಡೆದವರೂ ಒಳಗಿನ ಬೆವರಿಗೆ ನೆನೆಯುತ್ತಾರೆ. ಬೆಳಗ್ಗೆ ಚಳಿ ಎಂದು ಎಲ್ಲವನ್ನೂ ಹಾಕಿಕೊಂಡು ಹತ್ತಲು ಶುರುಮಾಡಿದರೆ ಹದಿನೈದು ನಿಮಿಷಕ್ಕೆ ಬೆನ್ನು ತೊಯ್ದು ಹೋಗುತ್ತದೆ. ಆ ಬೆವರು ನಿಂತಾಗ ತಣ್ಣಗಾಗಿ ಕೊರೆಯುತ್ತದೆ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಬೇಕು, ಹಾಗೆ ಹೊರಡಿ. ಹತ್ತುವಾಗ ಫ್ಲೀಸ್ ಬಿಚ್ಚಿ. ನಿಂತ ಕೂಡಲೇ, ಫೋಟೋ ತೆಗೆಯುವ ಮೊದಲೇ, ಹಾಕಿಕೊಳ್ಳಿ. ಹಾಕು, ಬಿಚ್ಚು, ಹಾಕು, ಬಿಚ್ಚು. ಬೇಜಾರಿನ ಕೆಲಸ. ಆದರೆ ಬೆಟ್ಟದಲ್ಲಿ ಬೆಚ್ಚಗಿರುವವರೆಲ್ಲ ಈ ಬೇಜಾರಿನ ಕೆಲಸ ಮಾಡುವವರೇ.

ನನ್ನಜ್ಜಿ ಮಡಿ ಸೀರೆಯನ್ನು ಹೇಗೆ ಕಾಯುತ್ತಿದ್ದಳೋ ಹಾಗೆ ನೀವು ಒಂದು ಜೊತೆ ಬಟ್ಟೆಯನ್ನು ಕಾಯಬೇಕು. ಒಂದು ತುಂಬುತೋಳು, ಒಂದು ಪ್ಯಾಂಟು, ಒಂದು ಜೊತೆ ಉಣ್ಣೆ ಕಾಲುಚೀಲ, ಒಂದು ಟೋಪಿ. ಇದು ರಾತ್ರಿ ಮಲಗಲು ಮಾತ್ರ. ಏನೇ ಆದರೂ ಇದನ್ನು ಹಾಕಿಕೊಂಡು ನಡೆಯುವಂತಿಲ್ಲ. ಬೆಳಗ್ಗೆ ನಿನ್ನೆಯ ಒದ್ದೆ ಕಾಲುಚೀಲಕ್ಕೇ ಕಾಲು ತೂರಿಸಬೇಕು. ಆ ಎರಡು ನಿಮಿಷ ಬೈಗುಳ ಬಾಯಿಗೆ ಬರುತ್ತದೆ, ನಡೆಯಲು ಶುರುಮಾಡಿದರೆ ಬಿಸಿಯಾಗುತ್ತದೆ. ಒಣ ಜೊತೆ ಹಾಕಿಕೊಂಡು ಹೊರಟಿರೋ, ಸಂಜೆಗೆ ಎರಡೂ ಜೊತೆ ಒದ್ದೆ.

ಈ ಬಟ್ಟೆಯನ್ನು ಒಣಗಿಯೇ ಇಡಲು ಬ್ಯಾಗಿನ ಮೇಲಿನ ಕವರನ್ನು ನಂಬಬೇಡಿ. ಗಾಳಿಗೆ ಅದು ಹಾರಿಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಬೆನ್ನಿನ ಕಡೆಯಿಂದ ನೀರು ಇಳಿಯುವುದನ್ನು ಅದು ತಡೆಯುವುದೂ ಇಲ್ಲ. ಬ್ಯಾಗಿನ ಒಳಗೆ ಒಂದು ದೊಡ್ಡ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಎಲ್ಲವನ್ನೂ ಅದರೊಳಗೆ ತುಂಬಿ, ಬಾಯಿ ತಿರುಚಿ ಮಡಚಿ. ಗೊಬ್ಬರದ ಮೂಟೆಯೊಳಗೆ ಬರುವಂಥ ಪ್ಲಾಸ್ಟಿಕ್ಕು ಹೊಸದು ಸಿಕ್ಕರೆ ಇನ್ನೂ ಒಳ್ಳೆಯದು. ವಾಪಸು ತನ್ನಿ, ಅಲ್ಲಿ ಬಿಸಾಡಬೇಡಿ.

ಶೂ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಡಿತ ಚೆನ್ನಾಗಿರಲಿ, ಹೊಸದಾದರೆ ಈಗಿನಿಂದಲೇ ಹಾಕಿ ಪಳಗಿಸಿ. ಆ ದಾರಿಯ ಬಹುಪಾಲು ಜೀಪು ಓಡುವ ದಾರಿ. ಮಳೆ ಬಿದ್ದ ಮೇಲೆ ಕಲ್ಲು ನಮ್ಮ ಅಂಗಳದ ಪಾಚಿಯ ಹಾಗೆ ಜಾರುತ್ತದೆ. ಕೋಲು ಒಂದಲ್ಲ ಎರಡು ಇರಲಿ, ಮುಖ್ಯವಾಗಿ ಇಳಿಯಲು. ಸಂಜೆ ಶೂ ಒಳಗೆ ಹಳೆಯ ಪೇಪರ್ ತುರುಕಿಡಿ, ಬೆಳಗ್ಗೆ ಅರ್ಧ ಒಣಗಿರುತ್ತದೆ. ಬಟ್ಟೆ ಒಣಗಿಸಲು ಕೆಂಡದ ಬಾಣಲೆಯನ್ನು ಮಲಗುವ ಕೋಣೆಗೆ ತಂದಿಟ್ಟುಕೊಂಡು ಬಾಗಿಲು ಹಾಕುವ ಕೆಲಸ ಮಾತ್ರ ಯಾವತ್ತೂ ಮಾಡಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದಿಲ್ಲ.

ಸಮಯದ ಬಗ್ಗೆ ಹೇಳಲೇಬೇಕು, ಯಾಕೆಂದರೆ ಅಲ್ಲಿ ಮಳೆಯಿಂದ ತಪ್ಪಿಸಿಕೊಳ್ಳುವ ಅತಿ ಸುಲಭದ ದಾರಿ ಅದೇ. ಏಪ್ರಿಲ್ ಕೊನೆ ಎಂದರೆ ನಮ್ಮಲ್ಲಿ ಭರಣಿ ಮಳೆ. ಭರಣಿ ಮಳೆ ಧರಣಿ ಬೆಳೆ ಎಂದು ಕಾಯುತ್ತೇವಲ್ಲ, ಅದೂ ಹೀಗೇ, ಮಧ್ಯಾಹ್ನದ ಸೆಕೆ ಏರಿ ಸಂಜೆ ಗುಡುಗಿ ಸುರಿಯುವುದು. ಅಲ್ಲೂ ಅದೇ ಆಟ. ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಬಿಸಿಲೇರಿದ ಹಾಗೆ ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ತೇವದ ಗಾಳಿ ಇಳಿಜಾರು ಹಿಡಿದು ಮೇಲೇರಿ ಮೋಡ ಕಟ್ಟುತ್ತದೆ. ಹನ್ನೊಂದು ಗಂಟೆಗೆ ಕಣಿವೆಯಲ್ಲಿ ಬಿಳಿ ಮಂಜು, ಹನ್ನೆರಡಕ್ಕೆ ಏಣಿನ ಮೇಲೆ, ಒಂದೆರಡು ಗಂಟೆಗೆ ಗುಡುಗು. ದಿನವೂ ಹೀಗೇ ಅಂತಲ್ಲ, ಆದರೆ ಮೋಸಹೋಗದೆ ಇರಲು ಇಷ್ಟು ಸಾಕು.

ಇನ್ನೊಂದು ಅನುಕೂಲ ಇದೆ. ಅದು ನಮಗಿಂತ ತುಂಬ ಪೂರ್ವಕ್ಕಿದೆ. ತೀರ್ಥಹಳ್ಳಿಯಲ್ಲಿ ಆ ಹೊತ್ತಿಗೆ ಸೂರ್ಯ ಹುಟ್ಟುವುದು ಆರು ಗಂಟೆ ದಾಟಿ, ಅಲ್ಲಿ ಐದಕ್ಕೇ. ಹಾಗಾಗಿ ಆರಕ್ಕೆ ಹೊರಟರೆ ಅದು ಬೇಗ ಅಲ್ಲ. ಐದಕ್ಕೆ ಎದ್ದು, ಐದೂವರೆಗೆ ಏನಾದರೂ ತಿಂದು, ಆರಕ್ಕೆ ದಾರಿ ಹಿಡಿದರೆ ಹನ್ನೆರಡರೊಳಗೆ ಸೂರಿನಡಿ ಇರುತ್ತೀರಿ. ಕಾಂಚನಜುಂಗಾ ಕಾಣುವುದೂ ಆ ಬೆಳಗಿನ ಹೊತ್ತಿಗೇ. ಸಂಜೆ ಆರೂವರೆಗೆಲ್ಲ ಕತ್ತಲು, ನೆನಪಿರಲಿ.

ನಿಮ್ಮ ಇಡೀ ಚಾರಣದಲ್ಲಿ ನನಗೆ ನಿಜವಾಗಿ ಚಿಂತೆ ಇರುವುದು ಒಂದೇ ದಿನದ ಬಗ್ಗೆ. ಮಾನೇಭಂಜನ್‌ನಿಂದ ತುಮ್ಲಿಂಗ್, ಅಲ್ಲಿಂದ ಕಾಲಿಪೋಖ್ರಿ, ಮೂರನೇ ದಿನ ಸಂದಕ್ಫು. ಇಲ್ಲಿಯವರೆಗೆ ದಾರಿಯುದ್ದಕ್ಕೂ ಮನೆ, ಚಹಾ ಅಂಗಡಿ ಸಿಗುತ್ತವೆ. 1950ರ ದಶಕದ ಹಳೆಯ ಲ್ಯಾಂಡ್ ರೋವರ್‌ಗಳು ಈಗಲೂ ಗಡಗಡ ಎಂದು ಓಡಾಡುತ್ತವೆ. ತೊಂದರೆಯಾದರೆ ಹತ್ತಿಸಿ ಕಳಿಸಬಹುದು. ನಾಲ್ಕನೇ ದಿನ ಸಂದಕ್ಫುವಿನಿಂದ ಫಾಲುಟ್‌ಗೆ 21 ಕಿಲೋಮೀಟರ್. ಪೂರ್ತಿ ಬಯಲು ಏಣು. ನಡುವೆ ಸಬರ್‌ಗ್ರಾಮ್ ಬಿಟ್ಟರೆ ತಲೆ ಮರೆಸಲು ಜಾಗ ಇಲ್ಲವೆಂದೇ ಹೇಳಬೇಕು. ಫಾಲುಟ್ ಅನ್ನುವ ಹೆಸರಿಗೆ ಲೆಪ್ಚಾ ಮಾತಿನಲ್ಲಿ ಸಿಪ್ಪೆ ಸುಲಿದ ಬೋಳು ಬೆಟ್ಟ ಎಂದು ಅರ್ಥ ಹೇಳುತ್ತಾರೆ. ಹೋಗಿ ನೋಡಿದರೆ ಹೆಸರು ಯಾಕೆ ಬಂತೆಂದು ಕೇಳಬೇಕಿಲ್ಲ.

ಬೋಳು ಏಣಿನ ಮೇಲೆ ಸಿಡಿಲಿಗೆ ಎತ್ತರದ ವಸ್ತು ಎಂದರೆ ನೀವೇ. ಅದಕ್ಕೇ ಈ ದಿನದ ತೀರ್ಮಾನ ಬೆಳಗ್ಗೆ ಆರು ಗಂಟೆಗೇ ಆಗಿಬಿಡಬೇಕು. ಹಿಂದಿನ ಸಂಜೆ ಗುಡುಗಿ ಸುರಿದು ಬೆಳಗ್ಗೆ ತಿಳಿಯಾಗಿದ್ದರೆ ಹೊರಡಿ. ಆರಕ್ಕೇ ಕಪ್ಪು ಮೋಡ ಕೂತಿದ್ದರೆ, ಗಾಳಿ ಜೋರಿದ್ದರೆ, ಹವಾಮಾನ ಇಲಾಖೆ ಡಾರ್ಜಿಲಿಂಗ್ ಜಿಲ್ಲೆಗೆ ಕಿತ್ತಳೆ ಎಚ್ಚರಿಕೆ ಕೊಟ್ಟಿದ್ದರೆ, ಫಾಲುಟ್ ಬಿಟ್ಟು ಸಂದಕ್ಫುವಿನಿಂದಲೇ ಗುರ್ದುಂ ಹಾದು ಶ್ರೀಖೋಲಾಕ್ಕೆ ಇಳಿದುಬಿಡಿ. ಕಾಡಿನ ದಾರಿ, ಚೆಂದದ ದಾರಿ. ಸಾವಿರ ಮೀಟರಿಗೂ ಜಾಸ್ತಿ ಇಳಿತ, ಮೊಣಕಾಲು ಮಾತಾಡುತ್ತದೆ ಅಷ್ಟೇ. ಕೆಳಗೆ ಮಳೆ ಬಿದ್ದಿದ್ದರೆ ನಮ್ಮ ಉಂಬಳದ, ಅಂದರೆ ಜಿಗಣೆಯ, ಬಳಗವೂ ಸಿಗಬಹುದು. ನಿಮಗೆ ಅದು ಹೊಸದಲ್ಲ. ಈ ‘ಫಾಲುಟ್ ಬಿಡಬಹುದು’ ಅನ್ನುವ ಮಾತನ್ನು ಮೂವರೂ ಮನೆಯಲ್ಲೇ ಕೂತು ಒಪ್ಪಿಕೊಂಡು ಹೊರಡಿ. ಅಲ್ಲಿ ಹೋದ ಮೇಲೆ ‘ಇಷ್ಟು ದೂರ ಬಂದು, ಇಷ್ಟು ದುಡ್ಡು ಹಾಕಿ’ ಅನ್ನುವ ವಾದ ಶುರುವಾಗುತ್ತದೆ. ಆ ವಾದದಲ್ಲಿ 24 ವರ್ಷದವರೇ ಗೆಲ್ಲುತ್ತಾರೆ.

ನಡುದಾರಿಯಲ್ಲಿ ಗುಡುಗು ಬಂದರೆ? ಮಿಂಚು ಕಂಡ ಕ್ಷಣದಿಂದ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಮೂವತ್ತು ಎಣಿಸುವ ಮೊದಲೇ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಆ ಅಂತರದಿಂದ ಅದು ನಿಮ್ಮ ತನಕ ಬರಬಲ್ಲದು. ಏಣಿನ ನೆತ್ತಿ ಬಿಟ್ಟು ಪಕ್ಕದ ಇಳಿಜಾರಿಗೆ ಇಳಿಯಿರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ, ಗುಹೆಯಂಥ ಬಂಡೆಯ ಬಾಯಲ್ಲೂ ಬೇಡ. ಒಟ್ಟಿಗೆ ಗುಂಪಾಗಿ ಕೂರಬೇಡಿ, ಇಪ್ಪತ್ತು ಹೆಜ್ಜೆ ಅಂತರ ಇರಲಿ. ಒಬ್ಬರಿಗೆ ಹೊಡೆದರೆ ಇನ್ನೊಬ್ಬರು ಎದ್ದು ನೋಡುವ ಹಾಗಿರಬೇಕು. ಕೋಲುಗಳನ್ನು ದೂರ ಇಟ್ಟು, ಬ್ಯಾಗಿನ ಮೇಲೆ ಕಾಲು ಕೂಡಿಸಿ ಕುಕ್ಕರುಗಾಲಲ್ಲಿ ಕೂರಿ. ಇದು ಬೇರೆ ದಾರಿ ಇಲ್ಲದಾಗ ಮಾತ್ರ, ಇದರಿಂದ ಪೂರ್ತಿ ರಕ್ಷಣೆ ಸಿಗುವುದಿಲ್ಲ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ ಮತ್ತೆ ಹೊರಡಿ. ಪುಣೆಯ ಹವಾಮಾನ ಸಂಸ್ಥೆಯವರ ದಾಮಿನಿ ಎಂಬ ಆ್ಯಪ್ ಸುತ್ತಮುತ್ತ ಸಿಡಿಲು ಬೀಳುವುದನ್ನು ತೋರಿಸುತ್ತದೆ, ಹಾಕಿಕೊಳ್ಳಿ. ಆದರೆ ಅದಕ್ಕೆ ನೆಟ್‌ವರ್ಕ್ ಬೇಕು. ಅಲ್ಲಿ ನೆಟ್‌ವರ್ಕ್ ಬರುವುದು ಹೋಗುವುದು ದೇವರಿಚ್ಛೆ.

ಈಗ ನಿಮ್ಮ ಹೆಂಡತಿಯವರ ಮೈಗ್ರೇನ್. ಇದು ನೀವು ಕೇಳಿದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. 2500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರಿಗೆ ಬೇಕಾದರೂ ಬರಬಹುದು. ಅದರ ಮೊದಲ ಗುರುತೇ ತಲೆನೋವು. ಜೊತೆಗೆ ವಾಕರಿಕೆ, ಊಟ ಸೇರದಿರುವುದು, ಸುಸ್ತು. ಮೈಗ್ರೇನ್ ಇದ್ದವರು ‘ಇದು ನನ್ನ ಮಾಮೂಲಿ ತಲೆನೋವು’ ಎಂದು ಮಾತ್ರೆ ನುಂಗಿ ಮೇಲೆ ಹತ್ತುತ್ತಾರೆ. ಅಪಾಯ ಇರುವುದು ಇಲ್ಲೇ. ಅಲ್ಲಿ ಬಂದ ಯಾವ ತಲೆನೋವನ್ನಾದರೂ ಎತ್ತರದ್ದೇ ಎಂದು ತಿಳಿಯಿರಿ. ತಲೆನೋವು ಪೂರ್ತಿ ಹೋಗುವ ತನಕ ಮೇಲೆ ಹೋಗುವಂತಿಲ್ಲ. ಜಾಸ್ತಿಯಾದರೆ ಇಳಿಯುವುದು, ರಾತ್ರಿಯಾದರೂ ಸರಿ. ನೇರ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಲು ಹೇಳಿ. ತೂರಾಡಿದರೆ, ಅಥವಾ ಕೂತಲ್ಲೇ ಏದುಸಿರು ಬಂದರೆ, ಒಂದು ನಿಮಿಷವೂ ತಡಮಾಡಬೇಡಿ. ಹೊರಡುವ ಮೊದಲು ಅವರ ವೈದ್ಯರನ್ನು ಕಂಡು, ಮೈಗ್ರೇನ್ ಮಾತ್ರೆಯ ಜೊತೆ ಎತ್ತರದ ಕಾಯಿಲೆ ತಡೆಯುವ ಅಸೆಟಜೋಲಮೈಡ್ ಮಾತ್ರೆ ತೆಗೆದುಕೊಳ್ಳಬಹುದಾ ಎಂದು ಕೇಳಿ. ಸಲ್ಫಾ ಮಾತ್ರೆ ಆಗದವರಾದರೆ ಅದನ್ನೂ ಹೇಳಿ. ಮೂರು ದಿನದಲ್ಲಿ ಸಂದಕ್ಫು ಸೇರುವ ಮಾಮೂಲಿ ಲೆಕ್ಕದಲ್ಲಿ ಮೊದಲ ರಾತ್ರಿಯೇ ಸುಮಾರು 2900 ಮೀಟರಿನಲ್ಲಿ ಮಲಗುತ್ತೀರಿ. ಸಾಧ್ಯವಾದರೆ ಅದಕ್ಕೂ ಮೊದಲು ಡಾರ್ಜಿಲಿಂಗ್‌ನಲ್ಲೋ ಮಾನೇಭಂಜನ್‌ನಲ್ಲೋ ಒಂದು ರಾತ್ರಿ ಕಳೆಯಿರಿ. 2000 ಮೀಟರಿನ ಆಸುಪಾಸಿನ ಆ ಒಂದು ರಾತ್ರಿಯೂ ಉಪಕಾರಕ್ಕೆ ಬರುತ್ತದೆ.

ಮಳೆ, ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಹಸಿವೂ ಅಷ್ಟೇ. ದಿನಕ್ಕೆ ಮೂರು ಲೀಟರ್ ನೀರು ಹೋಗಲೇಬೇಕು. ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿ. ಮೈ ನಡುಗಿ ಬಿಸಿ ಮಾಡಿಕೊಳ್ಳಲೂ ಸಕ್ಕರೆ ಬೇಕು, ಹೊಟ್ಟೆ ಖಾಲಿ ಇದ್ದವನು ಬೇಗ ಸೋಲುತ್ತಾನೆ. ಕಡಲೆಕಾಯಿ ಚಿಕ್ಕಿಗಿಂತ ಒಳ್ಳೆಯ ತಿಂಡಿ ನನಗಂತೂ ಇನ್ನೂ ಸಿಕ್ಕಿಲ್ಲ. ಜೇಬಿನಲ್ಲಿಡಿ, ಬ್ಯಾಗಿನ ತಳದಲ್ಲಿ ಬೇಡ. ಮಳೆಯಲ್ಲಿ ಯಾರೂ ಬ್ಯಾಗು ಬಿಚ್ಚುವುದಿಲ್ಲ.

ಹೊರಡುವ ಮೊದಲು ವಾರಕ್ಕೆ ಮೂರು ದಿನ ಏರು ಹತ್ತಿ, ಆರೇಳು ಕಿಲೋ ಬೆನ್ನಿಗೆ ಹಾಕಿಕೊಂಡು. ಇಳಿಯುವುದನ್ನೂ ಅಭ್ಯಾಸ ಮಾಡಿ, ಅಲ್ಲಿ ತೊಡೆ ಹಿಡಿಯುವುದು ಇಳಿಯುವಾಗಲೇ. ಮೂವರೂ ಮೂಲ ಗುರುತಿನ ಚೀಟಿ ಇಟ್ಟುಕೊಳ್ಳಿ. ದಾರಿ ನೇಪಾಳದ ಒಳಗೆ ಹೊರಗೆ ಹೊಕ್ಕು ಬರುತ್ತದೆ, ಗಡಿಯವರು ಕೇಳುತ್ತಾರೆ. ಸಿಂಗಾಲಿಲಾ ಉದ್ಯಾನಕ್ಕೆ ಸ್ಥಳೀಯ ಗೈಡ್ ಕಡ್ಡಾಯ. ಆತ ‘ಇವತ್ತು ಬೇಡ’ ಅಂದರೆ ಅದೇ ಕೊನೆಯ ಮಾತು. ವಾಪಸು ಬರುವಾಗ ವಿಮಾನಕ್ಕೆ ಮುಂಚೆ ಒಂದು ದಿನ ಖಾಲಿ ಇಡಿ. ಮಳೆಗೆ ರಸ್ತೆ ಕುಸಿದರೆ ಬಾಗ್ಡೋಗ್ರಾ ತಲುಪುವುದು ಕಷ್ಟ. ಜೀಪಿಗೆ ಬೇಕಾಗುವಷ್ಟು ನಗದು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಬೇರೆಯೇ ಇರಲಿ. ಫೋನು ಒಳಜೇಬಿನಲ್ಲಿ, ಮೈಗೆ ತಾಗುವಂತೆ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ನೇಪಾಳದ ಟವರ್ ಸಿಕ್ಕಾಗ ಫೋನಿನ ಗಡಿಯಾರ ತಾನಾಗಿ 15 ನಿಮಿಷ ಮುಂದೆ ಹಾರುತ್ತದೆ, ಗಾಬರಿಯಾಗಬೇಡಿ.

ಇನ್ನು ಭಾವಮೈದನ ತೊಂಗ್ಬಾ. ಅದು ನಮ್ಮ ರಾಗಿಯದ್ದೇ ಅಂತ ಅವನಿಗೆ ಗೊತ್ತೋ ಇಲ್ಲವೋ. ಹುಳಿ ಬರಿಸಿದ ರಾಗಿಯನ್ನು ಬಿದಿರಿನ ಅಂಡೆಗೆ ತುಂಬಿ, ಬಿಸಿನೀರು ಹುಯ್ದು, ಕೊಳವೆಯಲ್ಲಿ ಹೀರುವುದು. ಕುಡಿದಾಗ ಮೈ ಬೆಚ್ಚಗಾದ ಹಾಗೆ ಅನ್ನಿಸುತ್ತದೆ. ಆದರೆ ಒಳಗಿನ ಬಿಸಿ ರಕ್ತ ಚರ್ಮದ ಕಡೆಗೆ ಬಂದುದರಿಂದ ಹಾಗೆ ಅನ್ನಿಸುವುದು. ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಎತ್ತರದಲ್ಲಿ ರಾತ್ರಿಯ ಉಸಿರಾಟಕ್ಕೂ ಅದು ಒಳ್ಳೆಯದಲ್ಲ. ಹತ್ತುವಾಗ ಒಂದು ಗುಟುಕೂ ಬೇಡ. ಶ್ರೀಖೋಲಾಕ್ಕೆ ಇಳಿದು, ಶೂ ಬಿಚ್ಚಿ, ಮಡಿ ಬಟ್ಟೆ ಹಾಕಿಕೊಂಡ ಮೇಲೆ ಒಂದು ಅಂಡೆ ತರಿಸಿಕೊಳ್ಳಲಿ. ಬಿಸಿನೀರನ್ನು ಮತ್ತೆ ಮತ್ತೆ ಹುಯ್ಯುತ್ತಾರೆ, ಅದಕ್ಕೆ ಬೇರೆ ದುಡ್ಡಿಲ್ಲ.